ಸರ್ವರ್ ಎದ್ದಿದೆಯೇ? ‘ಪಿಂಗ್’ ಮಾಡಿ ನೋಡಿ

ಪರೀಕ್ಷೆಯ ಫಲಿತಾಂಶದ ದಿನ ವೆಬ್‌ಸೈಟ್ ತೆರೆಯದಿದ್ದರೆ ಮನೆಮಂದಿಗೆಲ್ಲ ತಳಮಳ. ‘ಸರ್ವರ್ ಡೌನ್’ ಎಂದು ಎಲ್ಲರೂ ಹೇಳುತ್ತಾರೆ, ಪರೀಕ್ಷಿಸುವವರು ಕಡಿಮೆ. ವಿದ್ಯಾರ್ಥಿಗಳೇ, ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಇಂಗ್ಲಿಷ್ ಅಕ್ಷರಗಳಲ್ಲಿ ‘ಪಿಂಗ್’ ಎಂದು ಬರೆದು, ಜಾಗ ಬಿಟ್ಟು, ವೆಬ್‌ಸೈಟಿನ ಹೆಸರು ಸೇರಿಸಿ ಎಂಟರ್ ಒತ್ತಿ.

ಅಮೆರಿಕದ ಸೇನಾ ಪ್ರಯೋಗಾಲಯವೊಂದರಲ್ಲಿದ್ದ ಮೈಕ್ ಮೂಸ್ 1983ರ ಡಿಸೆಂಬರಿನಲ್ಲಿ ಬರೆದ ಪುಟ್ಟ ಪ್ರೋಗ್ರಾಮ್ ಇದು. ಹೆಸರು ಸೋನಾರ್ ಸದ್ದಿನದು. ಬಾವಿಗೆ ಕೂಗಿದರೆ ಮಾರ್ದನಿ ಬರುವುದಿಲ್ಲವೇ, ಹಾಗೆಯೇ ನಾವು ಕಳಿಸಿದ ಸಂದೇಶ ಎಷ್ಟು ಮಿಲಿಸೆಕೆಂಡಿನಲ್ಲಿ ಮರಳಿತೆಂದು ತೋರಿಸುತ್ತದೆ. ಗಾಜಿನ ತಂತುವಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಉತ್ತರ 5 ಮಿಲಿಸೆಕೆಂಡಿನಲ್ಲಿ ಬಂದರೆ ಸರ್ವರ್ 500 ಕಿ.ಮೀ. ಒಳಗೇ ಇದೆ, ಲೆಕ್ಕ ಮಾಡಿ ನೋಡಿ!

ಆದರೆ ಉತ್ತರ ಬಂತೆಂದರೆ ಯಂತ್ರ ಎದ್ದಿದೆ ಎಂದಷ್ಟೇ ಅರ್ಥ. ಅಂಗಡಿಯಲ್ಲಿ ದೀಪ ಉರಿಯುತ್ತಿದ್ದರೂ ಗಲ್ಲಾದ ಮುಂದೆ ಯಾರೂ ಇಲ್ಲದಿರಬಹುದು. ಉತ್ತರ ಬಾರದಿದ್ದರೆ ಸರ್ವರ್ ಸತ್ತಿದೆ ಎಂದೂ ಅಲ್ಲ. ಸುರಕ್ಷತೆಗಾಗಿ ಕೆಲವು ಬೇಕೆಂದೇ ಮೌನವಾಗಿರುತ್ತವೆ. ಬೇರೆ ನಾಲ್ಕು ಹೆಸರುಗಳನ್ನೂ ಕೂಗಿ. ಒಂದೂ ಓಗೊಡದಿದ್ದರೆ ದೋಷ ನಿಮ್ಮ ಮನೆಯ ಸಂಪರ್ಕದಲ್ಲೇ ಇರುವ ಸಂಭವ ಹೆಚ್ಚು.

ಸೇವೆಯನ್ನೇ ಪರೀಕ್ಷಿಸಲು ‘ಕರ್ಲ್’ ಎಂಬ ಇನ್ನೊಂದು ಆದೇಶವಿದೆ. ಅದಕ್ಕೆ 503 ಎಂಬ ಉತ್ತರ ಬಂದರೆ ಸೇವೆ ಸದ್ಯಕ್ಕೆ ಲಭ್ಯವಿಲ್ಲ ಎಂದರ್ಥ. ಹೆಚ್ಚಾಗಿ ಜನಸಂದಣಿಯೇ ಕಾರಣ. ಪಾಲಕರೇ, ಆಗ ಮತ್ತೆ ಮತ್ತೆ ಒತ್ತಿದರೆ ಸಾಲು ಇನ್ನಷ್ಟು ಬೆಳೆಯುತ್ತದೆ.