ಮೊದಲು ನೀರು, ಅನಂತರ ಬಟ್ಟೆ

ಮನೆಯ ಹಿರಿಯರು ಇಷ್ಟಲಿಂಗ ಪೂಜೆ ಮುಗಿಸಿ ಹೊರಬರುವ ವೇಳೆಗೆ ಅಂಗಳದಲ್ಲಿ ನಿಂತ ಕಾರನ್ನು ಯಾರಾದರೊಬ್ಬರು ಒಣಬಟ್ಟೆಯಿಂದ ಒರೆಸುತ್ತಿರುವುದು ಇಂದು ಅನೇಕ ಮನೆಗಳಲ್ಲಿ ಕಾಣುವ ದೃಶ್ಯ. ರಾತ್ರಿ ಕುಳಿತ ಧೂಳು ಹೋಗುತ್ತದೆ, ಕಾರು ಹೊಳೆಯುತ್ತದೆ, ಮನಸ್ಸಿಗೂ ಸಮಾಧಾನವಾಗುತ್ತದೆ. ಆದರೆ ಒಂದೆರಡು ವರ್ಷ ಕಳೆದ ಮೇಲೆ ಅದೇ ಕಾರನ್ನು ಸಂಜೆಯ ಓರೆ ಬಿಸಿಲಿನಲ್ಲಿ ನೋಡಿದರೆ ಬಾನೆಟ್ಟಿನ ಮೇಲೆ ಜೇಡನ ಬಲೆಯಂತೆ ಅಸಂಖ್ಯ ಸಣ್ಣ ಗೀರುಗಳು ಕಾಣುತ್ತವೆ. ಅವು ಬಿಸಿಲಿನಿಂದಾದವಲ್ಲ, ಮಳೆಯಿಂದಾದವಲ್ಲ. ನಮ್ಮ ಅಕ್ಕರೆಯ ಕೈಯಿಂದಲೇ ಆದವು.

ನಮ್ಮಲ್ಲಿ ಬಹಳಷ್ಟು ಕುಟುಂಬಗಳು ವರ್ಷಗಟ್ಟಲೆ ಬ್ಯಾಂಕಿನ ಕಂತು ಕಟ್ಟಿ ಕಾರನ್ನು ತಮ್ಮದಾಗಿಸಿಕೊಂಡಿವೆ. ದುಡಿಮೆಯಿಂದ ಬಂದ ವಸ್ತುವನ್ನು ಜೋಪಾನವಾಗಿ ಬಾಳಿಸುವುದೂ ಆ ದುಡಿಮೆಗೆ ಸಲ್ಲಿಸುವ ಗೌರವವೇ. ಆದ್ದರಿಂದ ಬಣ್ಣದ ಆರೈಕೆಯನ್ನು ಅರಿತು ಮಾಡುವುದು ಒಳಿತು.

ಬಣ್ಣದ ಪದರಗಳು

ಕಾರಿನ ಮೈಯ ಹೆಚ್ಚಿನ ಭಾಗ ಉಕ್ಕಿನ ತಗಡು. ಅದರ ಮೇಲೆ ತುಕ್ಕು ತಡೆಯುವ ಲೇಪ, ಬಳಿಕ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ. ಇವೆಲ್ಲ ಸೇರಿದರೂ ಸಾಮಾನ್ಯವಾಗಿ ೧೦೦ರಿಂದ ೧೫೦ ಮೈಕ್ರಾನ್ ಮಾತ್ರ. ಒಂದು ಮಿಲಿಮೀಟರಿಗೆ ೧,೦೦೦ ಮೈಕ್ರಾನ್. ನಮಗೆ ಕಾಣುವ ಹೊಳಪನ್ನೆಲ್ಲ ಹೊತ್ತಿರುವ ಕ್ಲಿಯರ್ ಕೋಟ್ ಸುಮಾರು ೪೦ರಿಂದ ೫೦ ಮೈಕ್ರಾನ್ ದಪ್ಪದ್ದು. ರಸ್ತೆಯ ಧೂಳಿನಲ್ಲಿ ಗಾಜನ್ನೂ ಗೀಚಬಲ್ಲ ಮರಳಿನ ಸೂಕ್ಷ್ಮ ಕಣಗಳಿರುತ್ತವೆ. ಒಣಬಟ್ಟೆಯ ಕೆಳಗೆ ಸಿಕ್ಕ ಆ ಕಣಗಳು ಉಪ್ಪುಕಾಗದದಂತೆ ಕೆಲಸ ಮಾಡುತ್ತವೆ.

ತೊಳೆಯುವ ಕ್ರಮ

ನೆರಳಿನಲ್ಲಿ, ಬಾನೆಟ್ಟು ತಣ್ಣಗಿರುವಾಗ ತೊಳೆಯಬೇಕು. ಮೊದಲು ಕೈ ಮುಟ್ಟಿಸದೆ, ಮೇಲಿನಿಂದ ನೀರು ಹಾಕಿ ಸಡಿಲ ಧೂಳನ್ನು ಇಳಿಸಬೇಕು. ಅನಂತರ ಎರಡು ಬಕೆಟ್ ಇಟ್ಟುಕೊಳ್ಳಿ: ಒಂದರಲ್ಲಿ ಕಾರಿನ ಶ್ಯಾಂಪೂ ಬೆರೆಸಿದ ನೀರು, ಇನ್ನೊಂದರಲ್ಲಿ ಬರಿಯ ನೀರು. ಬಟ್ಟೆಯನ್ನು ಶ್ಯಾಂಪೂ ನೀರಿನಲ್ಲಿ ಅದ್ದಿ ಒಂದು ಭಾಗ ತೊಳೆದ ಮೇಲೆ, ಬರಿಯ ನೀರಿನಲ್ಲಿ ಜಾಲಾಡಿಸಿಯೇ ಮತ್ತೆ ಅದ್ದಬೇಕು. ಹೀಗೆ ಮಾಡಿದರೆ ಕೊಳೆ ಮರಳಿ ಕಾರಿನ ಮೈಗೆ ಹತ್ತುವುದಿಲ್ಲ. ಮಾಳಿಗೆಯಿಂದ ಆರಂಭಿಸಿ ಕೆಳಗಿಳಿಯಬೇಕು. ಕೆಸರು ಹೆಚ್ಚಾಗಿರುವ ಬಾಗಿಲಿನ ಕೆಳಭಾಗ ಕಡೆಗೆ. ಚಕ್ರಗಳಿಗೆ ಬೇರೆಯದೇ ಬಟ್ಟೆ ಇರಲಿ. ಬಟ್ಟೆಯ ಸೋಪಿನ ಪುಡಿ, ಪಾತ್ರೆ ತೊಳೆಯುವ ಸೋಪು ಸಲ್ಲವು. ಅವು ಕೊಳೆಯೊಂದಿಗೆ ರಕ್ಷಣೆಯ ಮೇಣವನ್ನೂ ತೆಗೆಯುತ್ತವೆ.

ತೊಳೆದ ಕಾರು ತಾನಾಗಿ ಒಣಗಲಿ ಎಂದು ಬಿಡಕೂಡದು. ಕೊಳವೆಬಾವಿಯ ಗಡಸು ನೀರು ಆರಿದಾಗ ಅದರೊಳಗಿನ ಸುಣ್ಣದ ಅಂಶ ಬಿಳಿಯ ಕಲೆಯಾಗಿ ನಿಲ್ಲುತ್ತದೆ. ಮೈಕ್ರೋಫೈಬರ್ ಬಟ್ಟೆಯನ್ನು ಒತ್ತಡವಿಲ್ಲದೆ ಎಳೆದು ನೀರನ್ನು ಹೀರಿಸಬೇಕು. ನೆಲಕ್ಕೆ ಬಿದ್ದ ಬಟ್ಟೆಯನ್ನು ಒಗೆಯದೆ ಮತ್ತೆ ಬಳಸಬಾರದು.

ಪಾಲಿಷ್ ಬೇರೆ, ಮೇಣ ಬೇರೆ

ಇವೆರಡನ್ನೂ ಒಂದೇ ಎಂದು ತಿಳಿಯುವವರು ಬಹಳ. ಪಾಲಿಷಿನಲ್ಲಿ ನುಣ್ಣನೆಯ ಸವೆಸುವ ಕಣಗಳಿರುತ್ತವೆ. ಅದು ಗೀರನ್ನು ತುಂಬುವುದಿಲ್ಲ; ಗೀರಿನ ಸುತ್ತಲಿನ ಮೇಲ್ಮೈಯನ್ನು ಸವೆಸಿ ಸಮಮಾಡುತ್ತದೆ. ಆದ್ದರಿಂದ ಪ್ರತಿ ಪಾಲಿಷಿಗೂ ಕ್ಲಿಯರ್ ಕೋಟ್ ಕೊಂಚ ತೆಳುವಾಗುತ್ತದೆ, ಕಳೆದದ್ದು ಮರಳಿ ಬರುವುದಿಲ್ಲ. ಕ್ಲಿಯರ್ ಕೋಟ್ ಇಲ್ಲದ ಹಳೆಯ ಕಾರುಗಳ ಬಣ್ಣ ಬಿಸಿಲಿಗೆ ಮಂಕಾಗುತ್ತಿತ್ತು. ಪಾಲಿಷ್ ಮಾಡಿದಾಗ ಬಟ್ಟೆಗೆ ಬಣ್ಣವೇ ಹತ್ತುತ್ತಿತ್ತು. ಆ ಕಾಲದ ರೂಢಿಯನ್ನು ಇಂದಿನ ಕಾರುಗಳಿಗೆ ಹಾಗೆಯೇ ಅನ್ವಯಿಸುವುದು ತರವಲ್ಲ. ಉಗುರು ಎಳೆದಾಗ ತಡೆಯುವಷ್ಟು ಆಳದ ಗೀರಿಗೆ ಮನೆಯ ಪಾಲಿಷಿನಿಂದ ಪರಿಹಾರವೂ ಇಲ್ಲ.

ಮೇಣ ಹಾಗಲ್ಲ. ಅದು ಏನನ್ನೂ ಸವೆಸದೆ ಮೇಲೊಂದು ತೆಳುವಾದ ಹೊದಿಕೆಯಾಗಿ ನಿಲ್ಲುತ್ತದೆ. ಬ್ರೆಜಿಲ್ ದೇಶದ ಒಂದು ಜಾತಿಯ ತಾಳೆಮರದ ಎಲೆಗಳಿಂದ ದೊರೆಯುವ ಕಾರ್ನೌಬಾ ಮೇಣ ಇದಕ್ಕೆ ಹೆಸರಾದುದು. ಎರಡು ಮೂರು ತಿಂಗಳಿಗೊಮ್ಮೆ ತೊಳೆದು ಒಣಗಿಸಿದ ಮೈಗೆ ತೆಳುವಾಗಿ ಹಚ್ಚಿ, ಮಸುಕಾದ ಮೇಲೆ ಮೃದುವಾದ ಬಟ್ಟೆಯಿಂದ ತೆಗೆದರೆ ಸಾಕು. ನೀರು ಮುತ್ತಿನಂತೆ ಉರುಳುವವರೆಗೆ ಮೇಣವಿದೆಯೆಂದು ತಿಳಿಯಬಹುದು.

ಕೂಡಲೇ ಗಮನಿಸಬೇಕಾದುವು

ಹಕ್ಕಿಯ ಹಿಕ್ಕೆ ಬಿಸಿಲಿಗೆ ಕಾದರೆ ಬಣ್ಣದಲ್ಲಿ ಅಚ್ಚು ಉಳಿಸುತ್ತದೆ. ಒದ್ದೆ ಬಟ್ಟೆಯನ್ನು ಕೆಲವು ನಿಮಿಷ ಅದರ ಮೇಲಿಟ್ಟು, ನೆನೆದ ಮೇಲೆ ಎತ್ತಿ ತೆಗೆಯಬೇಕು, ಉಜ್ಜಬಾರದು. ಕಲ್ಲು ಸಿಡಿದು ತಗಡು ಕಂಡ ಜಾಗಕ್ಕೆ ಕಾರಿನ ಬಣ್ಣದ್ದೇ ಟಚ್ ಅಪ್ ಬಣ್ಣವನ್ನು ತಡಮಾಡದೆ ಹಚ್ಚಬೇಕು. ಕಾರವಾರ, ಮಂಗಳೂರುಗಳಂತಹ ಕಡಲತೀರದ ಊರುಗಳಲ್ಲಿ ಉಪ್ಪುಗಾಳಿಗೆ ತುಕ್ಕು ಬೇಗ ಹಿಡಿಯುತ್ತದೆ. ಧೂಳು ತುಂಬಿದ ಕಾರಿಗೆ ಹೊದಿಕೆ ಹಾಕುವುದೂ ತಪ್ಪು. ಗಾಳಿಗೆ ಅಲುಗುವ ಹೊದಿಕೆ ಒಣಬಟ್ಟೆಯಂತೆಯೇ ಗೀಚುತ್ತದೆ.

ಆಯುಧಪೂಜೆಯ ದಿನ ಬಾನೆಟ್ಟಿನ ಮೇಲೆ ಭಕ್ತಿಯಿಂದ ವಿಭೂತಿ ಧರಿಸುತ್ತೇವೆ, ಕುಂಕುಮ ಹಚ್ಚುತ್ತೇವೆ, ಬಾಳೆಯ ಕಂದು ಕಟ್ಟುತ್ತೇವೆ. ವಿಭೂತಿಗೆ ಕ್ಷಾರಗುಣವುಂಟು, ಕುಂಕುಮ, ಅರಿಸಿನಗಳು ತಿಳಿಬಣ್ಣದ ಕಾರಿನಲ್ಲಿ ಕಲೆಯುಳಿಸುತ್ತವೆ, ಬಾಳೆಯ ರಸದ ಕಲೆಯಂತೂ ಎಲ್ಲರಿಗೂ ಗೊತ್ತು. ಪೂಜೆಯನ್ನು ಬಿಡಬೇಕಾಗಿಲ್ಲ. ವಿಭೂತಿ ಕುಂಕುಮಗಳನ್ನು ಮುಂದಿನ ಗಾಜಿನ ಅಂಚಿಗೆ ಧರಿಸಿ, ಮರುದಿನವೇ ನೀರಿನಿಂದ ತೊಳೆದರೆ ಭಕ್ತಿಗೂ ಕೊರತೆಯಿಲ್ಲ, ಬಣ್ಣಕ್ಕೂ ಕೇಡಿಲ್ಲ.

ನೀರಿನ ಮಿತಿ, ಕೆಲಸದ ಗೌರವ

ಮೊದಲು ನೀರು ಎಂದರೆ ನೀರನ್ನು ಹರಿಯಬಿಡುವುದು ಎಂದರ್ಥವಲ್ಲ. ೨೦೨೪ರ ಮಾರ್ಚಿನಲ್ಲಿ ನೀರಿನ ಅಭಾವ ಉಂಟಾದಾಗ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ, ತಪ್ಪಿದವರಿಗೆ ೫,೦೦೦ ರೂಪಾಯಿ ದಂಡ ಗೊತ್ತುಪಡಿಸಿತ್ತು. ಕೊಳವೆ ಹಿಡಿಯದೆ, ಸಂಗ್ರಹಿಸಿದ ಮಳೆನೀರನ್ನು ಬಕೆಟ್ಟು ಚೊಂಬಿನಲ್ಲಿ ಬಳಸಿದರೆ ಕಾರು ಚೊಕ್ಕಟವಾಗುತ್ತದೆ. ನಿತ್ಯ ಒಣಬಟ್ಟೆಯಲ್ಲಿ ಒರೆಸುವುದಕ್ಕಿಂತ ಹದಿನೈದು ದಿನಕ್ಕೊಮ್ಮೆ ಹೀಗೆ ತೊಳೆಯುವುದು ಮೇಲು.

ಕಾರು ಒರೆಸಲು ಬೇರೆಯವರು ಬರುತ್ತಿದ್ದರೆ, ಗೀರು ಕಂಡ ದಿನ ಅವರನ್ನು ಬೈಯುವ ಮುನ್ನ ನಾವು ಅವರ ಕೈಗೆ ಕೊಟ್ಟದ್ದೇನು ಎಂದು ಕೇಳಿಕೊಳ್ಳೋಣ. ಒಂದೇ ಹಳೆಯ ಬಟ್ಟೆ, ಒಂದೇ ಬಕೆಟ್ಟು ಕೊಟ್ಟು ನಿರ್ಮಲವಾದ ಕೆಲಸವನ್ನು ಬಯಸುವುದು ನ್ಯಾಯವಲ್ಲ. ಎರಡು ಬಕೆಟ್ಟು, ನಾಲ್ಕು ಒಳ್ಳೆಯ ಬಟ್ಟೆ ಕೊಟ್ಟು, ಒಂದು ಭಾನುವಾರ ಮಕ್ಕಳೊಡನೆ ನಾವೂ ಅವರ ಜೊತೆ ನಿಂತು ತೊಳೆಯೋಣ. ಯಾವ ಕಾಯಕವೂ ಕೀಳಲ್ಲವೆಂಬ ಶರಣರ ತತ್ವವನ್ನು ಮಕ್ಕಳು ಮಾತಿನಿಂದ ಕಲಿಯುವುದಕ್ಕಿಂತ ಒದ್ದೆಯಾದ ಕೈಗಳಿಂದ ಬೇಗ ಕಲಿಯುತ್ತಾರೆ.