ಚಿಟಿಕೆಯಿಂದ ಚೀಲಕ್ಕೆ

ಗೊಬ್ಬೂರ ಹಾಗೂ ಅದರ ಸುತ್ತಿನ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಸದ್ಭಕ್ತರ ಮನೆಗಳಲ್ಲಿ ಬ್ಯಾಟರಿಯಿಲ್ಲದ ಮನೆಯನ್ನು ಇಂದು ಹುಡುಕಿ ತೆಗೆಯುವುದೇ ಕಷ್ಟ. ಪಡಸಾಲೆಯ ಮೂಲೆಯಲ್ಲಿ ಇನ್ವರ್ಟರಿನ ಸೀಸದ ಬ್ಯಾಟರಿ, ಅಂಗಿಯ ಜೇಬಿನಲ್ಲಿ ಮೊಬೈಲಿನ ಲಿಥಿಯಂ ಬ್ಯಾಟರಿ, ಕೆಲವು ಅಂಗಳಗಳಲ್ಲಿ ವಿದ್ಯುತ್ ಸ್ಕೂಟರು. ಆದರೆ ಇವುಗಳ ಒಡಲಲ್ಲಿರುವ ಪುಡಿಯನ್ನು ಮಾಡುವವರು ಯಾರು, ಮಾಡುವುದು ಹೇಗೆ ಎಂಬುದನ್ನು ನಾವು ವಿಚಾರಿಸುವುದು ಕಡಿಮೆ. ನಮ್ಮ ಮಕ್ಕಳ ವಿದ್ಯೆ ಮತ್ತು ಉದ್ಯೋಗಗಳಿಗೂ ಸಂಬಂಧಿಸಿದ ಸಂಗತಿ ಇದಾದ್ದರಿಂದ ಓದುಗ ಬಂಧುಗಳ ಗಮನಕ್ಕೆ ತರಬಯಸುತ್ತೇವೆ.

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಪ್ರಾಧ್ಯಾಪಕ ಪ್ರೇಮಕುಮಾರ್ ಸೆಂಗುಟ್ಟುವನ್ ಅವರ ತಂಡವು ರೂಪಿಸಿದ ಸೋಡಿಯಂ ಬ್ಯಾಟರಿಯ ಸುದ್ದಿ 2025ರಲ್ಲಿ ಹೊರಬಂದಿತು. ಆರು ನಿಮಿಷಗಳಲ್ಲಿ ನೂರಕ್ಕೆ 80ರಷ್ಟು ತುಂಬಿಕೊಳ್ಳುವ, 3,000ಕ್ಕೂ ಹೆಚ್ಚು ಸಲ ತುಂಬಿ ಬಳಸಿದರೂ ಬಾಳುವ ಬ್ಯಾಟರಿ ಇದು. ಲಿಥಿಯಂ ನಮ್ಮಲ್ಲಿ ವಿರಳ. ಮಂಡ್ಯ ಜಿಲ್ಲೆಯ ಮಾರ್ಲಗಲ್ಲದಲ್ಲಿ ಅಂದಾಜು ಮಾಡಲಾದದ್ದು 1,600 ಟನ್ ಮಾತ್ರ. ಸೋಡಿಯಮ್ಮೋ ಅಡುಗೆಮನೆಯ ಉಪ್ಪಿನಲ್ಲಿಯೇ ಇದೆ. ವೆನೆಡಿಯಂ, ನಿಯೋಬಿಯಂ ಮುಂತಾದವುಗಳಿಂದ ಕೂಡಿದ ಒಂದು ಫಾಸ್ಫೇಟ್ ಪುಡಿಯ ಕಣಗಳನ್ನು ಅತಿಸೂಕ್ಷ್ಮಗೊಳಿಸಿ, ಅವುಗಳಿಗೆ ಇಂಗಾಲದ ತೆಳುವಾದ ಹೊದಿಕೆ ಹೊದಿಸಿ, ಕೊಂಚ ಅಲ್ಯೂಮಿನಿಯಂ ಬೆರೆಸಿದ್ದು ಈ ತಂಡದ ಸಾಧನೆ.

ಹಾಗಾದರೆ ನಾಳೆಯೇ ಇದು ಅಂಗಡಿಗೆ ಬರಬೇಕಲ್ಲ? ಬರುವುದಿಲ್ಲ. ನಮ್ಮ ತೊಗರಿಯನ್ನೇ ನೋಡಿರಿ. ಮನೆಯ ಬೀಸುವ ಕಲ್ಲಿನಲ್ಲಿ ಒಂದು ಸೇರು ತೊಗರಿಯನ್ನು ಒಡೆಯುವ ತಾಯಿಗೆ ಪ್ರತಿ ಕಾಳಿನ ಮೇಲೂ ಕಣ್ಣಿರುತ್ತದೆ. ಕಲಬುರಗಿಯ ದಾಲ್‌ಮಿಲ್ಲಿಗೆ ಲಾರಿಗಟ್ಟಲೆ ತೊಗರಿ ಬಂದಾಗ ತೇವ, ಕಾವು, ಕಲ್ಲಿನ ಸಂದು ಎಲ್ಲವೂ ಹದದಲ್ಲಿರಬೇಕು. ತಪ್ಪಿದರೆ ಬೇಳೆಯ ಬದಲು ನುಚ್ಚೇ ಹೆಚ್ಚು. ಬ್ಯಾಟರಿಯ ಪುಡಿಯ ಕಥೆಯೂ ಇದೇ, ಇನ್ನೂ ಕಠಿಣ. ಪ್ರಯೋಗಾಲಯದಲ್ಲಿ ಕೆಲವು ಗ್ರಾಂ ಪುಡಿಯನ್ನು ಸಣ್ಣ ಕುಲುಮೆಯಲ್ಲಿ ಬೇಯಿಸಿ ಅಂಗಿಯ ಗುಂಡಿಯಷ್ಟು ಕೋಶದಲ್ಲಿ ಪರೀಕ್ಷಿಸುತ್ತಾರೆ. ಟನ್ನುಗಟ್ಟಲೆ ಬೇಯಿಸುವ ದೊಡ್ಡ ಕುಲುಮೆಯಲ್ಲಿ ನಡುವಿಗೊಂದು ಕಾವು, ಅಂಚಿಗೊಂದು ಕಾವು. ಗಾಳಿಯ ತೇವ ಸೇರಿದರೆ ಗುಣ ಕೆಡುತ್ತದೆ. ಯಂತ್ರದಿಂದ ಸವೆದ ಲೋಹದ ಒಂದು ಕಣ ಒಳಸೇರಿದರೂ ಕೋಶದೊಳಗೆ ಶಾರ್ಟ್ ಆಗಿ ಬೆಂಕಿ ಹತ್ತಬಹುದು. ಪುಡಿಯನ್ನು ಅಂಟಿನೊಡನೆ ಕಲಸಿ, ಲೋಹದ ಹಾಳೆಯ ಮೇಲೆ ಸಾವಿರಾರು ಮೀಟರ್ ಉದ್ದಕ್ಕೂ ಕೂದಲೆಳೆಯಷ್ಟೂ ಅಂತರವಿಲ್ಲದಂತೆ ಒಂದೇ ದಪ್ಪವಾಗಿ ಬಳಿಯಬೇಕು. ಇಂದಿನ ಪಾಕದಂತೆಯೇ ನಾಳಿನದೂ ಇರಬೇಕು; ಬೆಲೆಯೂ ಕೊಳ್ಳುವವನ ಕೈಗೆಟುಕಬೇಕು.

ಈ ದಾರಿ ಎಲ್ಲರಿಗೂ ದೂರದ್ದೇ. ಜಾನ್ ಗುಡ್‌ಇನಫ್ ಅವರು ಆಕ್ಸ್‌ಫರ್ಡಿನಲ್ಲಿ ಕೋಬಾಲ್ಟ್ ಆಕ್ಸೈಡಿನ ಗುಣವನ್ನು 1980ರಲ್ಲಿ ತೋರಿಸಿದರೂ ಸೋನಿ ಕಂಪನಿಯ ಲಿಥಿಯಂ ಬ್ಯಾಟರಿ ಮಾರುಕಟ್ಟೆಗೆ ಬಂದದ್ದು 1991ರಲ್ಲಿ. ನೊಬೆಲ್ ಪ್ರಶಸ್ತಿ ಬಂದದ್ದಂತೂ 2019ರಲ್ಲಿ! ಅವರೊಡನೆ ಅಕ್ಷಯ ಪಾಢಿ ಎಂಬವರು ಟೆಕ್ಸಾಸಿನಲ್ಲಿ ದುಡಿದು 1997ರಲ್ಲಿ ಪ್ರಕಟಿಸಿದ ಕಬ್ಬಿಣದ ಫಾಸ್ಫೇಟಿಗೆ ವಿದ್ಯುತ್ತನ್ನು ಹರಿಯಗೊಡುವ ಶಕ್ತಿಯೇ ಸಾಲದಾಗಿತ್ತು. ಬೇರೆಯವರು ಇಂಗಾಲದ ಹೊದಿಕೆ ಕೊಟ್ಟ ಮೇಲೆ ಅದು ಬಳಕೆಗೆ ಒದಗಿತು. ಅದನ್ನು ಬೃಹತ್ ಪ್ರಮಾಣದಲ್ಲಿ ತಯಾರಿಸಿ ಲಾಭ ಉಂಡದ್ದು ಚೀನಾ.

ನಮ್ಮ ಕಲ್ಯಾಣ ಕರ್ನಾಟಕದಲ್ಲಿಯೂ ಒಂದು ಪ್ರಯತ್ನ ನಡೆದಿದೆ. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಕಲ್ಲಿದ್ದಲನ್ನು ಕೋಕ್ ಮಾಡುವಾಗ ಡಾಂಬರು ಬಸಿದು ಬರುತ್ತದೆ. ಅದನ್ನು ಶೋಧಿಸಿ, ಗಟ್ಟಿಗೊಳಿಸಿ, ಸುಮಾರು 3,000 ಡಿಗ್ರಿ ಸೆಲ್ಸಿಯಸ್ ಕಾವಿಗೆ ಒಡ್ಡಿದರೆ ಇಂಗಾಲವು ಪದರಪದರವಾದ ಗ್ರಾಫೈಟ್ ಆಗುತ್ತದೆ. ಆ ಪದರಗಳ ನಡುವೆ ಲಿಥಿಯಂ ಬಂದು ತಂಗುತ್ತದೆ. ಅಲ್ಲಿ ಎಪ್ಸಿಲಾನ್ ಸಂಸ್ಥೆಯು ಇಂಥ ಗ್ರಾಫೈಟಿನ ಕೆಲಸವನ್ನು ಕೈಗೊಂಡಿದೆ. ಡಾಂಬರಿನ ಹೊಗೆ ದೇಹಕ್ಕೆ ಹಿತವಲ್ಲ, ಆದಕಾರಣ ಸುತ್ತಲಿನ ಗ್ರಾಮಸ್ಥರು ಎಚ್ಚರದಿಂದಿರುವುದು ಅವರ ಹಕ್ಕು. ಇದೇ ಸಂಸ್ಥೆ 2024ರಲ್ಲಿ ಕಬ್ಬಿಣದ ಫಾಸ್ಫೇಟಿನ ವಿದ್ಯೆಗಾಗಿ ಜರ್ಮನಿಯ ಮೂಸ್‌ಬರ್ಗಿನ ತಂತ್ರಜ್ಞಾನ ಕೇಂದ್ರವನ್ನೇ ಕೊಂಡುಕೊಂಡಿತು. ಚಿಟಿಕೆಯನ್ನು ಚೀಲವಾಗಿಸುವ ನಡುವಣ ಹಂತದ ಅನುಭವ ನಮ್ಮಲ್ಲಿ ಎಷ್ಟು ಕಡಿಮೆಯೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಕೇಂದ್ರ ಸರಕಾರವು 2021ರಲ್ಲಿ 18,100 ಕೋಟಿ ರೂಪಾಯಿಗಳ ಪ್ರೋತ್ಸಾಹ ಯೋಜನೆ ಸಾರಿದರೂ, ಮೊದಲ ಗಡುವು ಮುಗಿದಾಗ ಗುರಿಯ ಅಲ್ಪಾಂಶ ಮಾತ್ರ ಕೈಗೂಡಿತ್ತು. ಹಣ ಬೇಗ ಬರುತ್ತದೆ, ಹದ ತಡವಾಗಿ ಬರುತ್ತದೆ.

ಹಗ್ಗ ಹೊಸೆದ ನುಲಿಯ ಚಂದಯ್ಯನವರನ್ನೂ ಬುಟ್ಟಿ ಹೆಣೆದ ಮೇದಾರ ಕೇತಯ್ಯನವರನ್ನೂ ನಾವು ಶರಣರೆಂದು ಪೂಜಿಸುತ್ತೇವೆ. ಆದರೆ ಮಗ ಗಣಕಯಂತ್ರದ ಮುಂದೆ ಕುಳಿತರೆ ಹೆಮ್ಮೆಪಡುವ ನಾವೇ, ಕುಲುಮೆಯ ಬಳಿ ನಿಂತರೆ ಮುಖ ಸಪ್ಪಗೆ ಮಾಡುತ್ತೇವೆ! ಈ ಪುಡಿಗಳನ್ನು ಬೇಯಿಸುವುದು ಪಿಂಗಾಣಿ ಸುಡುವ ವಿದ್ಯೆಯ ಹತ್ತಿರದ ನಂಟು. 1958ರಲ್ಲಿ ಆರಂಭವಾದ ಕಲಬುರಗಿಯ ಪೂಜ್ಯ ದೊಡ್ಡಪ್ಪ ಅಪ್ಪ ಇಂಜಿನಿಯರಿಂಗ್ ಕಾಲೇಜು ಪಿಂಗಾಣಿ ಮತ್ತು ಸಿಮೆಂಟ್ ತಂತ್ರಜ್ಞಾನವನ್ನು ಬಹಳ ಹಿಂದೆಯೇ ಬೋಧಿಸತೊಡಗಿತ್ತು. ಶಹಾಬಾದ, ವಾಡಿಗಳ ಸಿಮೆಂಟಿಗಾಗಿ ನಮ್ಮ ಹುಡುಗರು ಕುಲುಮೆಯ ವಿದ್ಯೆ ಕಲಿತ ನಾಡಿದು. ಮಗಳಾಗಲಿ ಮಗನಾಗಲಿ ರಸಾಯನಶಾಸ್ತ್ರ, ಲೋಹಶಾಸ್ತ್ರ, ಪಿಂಗಾಣಿ ಎಂದು ಹೇಳಿದಾಗ ತಾಯಿತಂದೆಗಳು ಪ್ರವೇಶ ಅರ್ಜಿಯನ್ನು ಬದಲಿಸುವ ಮುನ್ನ ಒಮ್ಮೆ ಜಕ್ಕೂರು, ತೋರಣಗಲ್ಲುಗಳಲ್ಲಿ ವಿಚಾರಿಸಿ ನೋಡಲಿ.