ಗದುಗಿನ ಬೌಲರೊಬ್ಬರು ಗುರುವಾದ ಬಗೆ

ಬಾನುಲಿಯಲ್ಲಿ ಗದುಗಿನ ಹೆಸರು ಕೇಳಿದೊಡನೆ ನಿಮಗೆ ಸಂಗೀತವೇ ನೆನಪಾದೀತು. ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಅವರ ತರುವಾಯ ಪುಟ್ಟರಾಜ ಗವಾಯಿಗಳೂ ಪಾಠ ಹೇಳಿದ್ದರಿಂದ, ದೂರದೂರದ ಮಕ್ಕಳು ಗುರುವನ್ನರಸಿ ಈ ಊರಿಗೆ ಬಂದರು. ಕ್ರಿಕೆಟ್ಟಿನ ವಿಷಯದಲ್ಲಿ ಮಾತ್ರ ಹಾದಿ ತಿರುಗುಮುರುಗಾಯಿತು. ಇಲ್ಲಿಯ ಹುಡುಗರೇ ಹೊರಗೆ ಹೋಗಬೇಕಾಯಿತು. ಹಾಗೆ ಹೋದವರಲ್ಲಿ ಸುನೀಲ ಜೋಶಿಯವರ ಹೆಸರನ್ನು ನೀವು ಬಲ್ಲಿರಿ.

1970ರಲ್ಲಿ ಗದುಗಿನಲ್ಲಿ ಹುಟ್ಟಿದ ಇವರು ಬಾಲ್ಯದಲ್ಲಿ ಬೆಳಗಿನ ಅಭ್ಯಾಸಕ್ಕೆಂದು ಹುಬ್ಬಳ್ಳಿಗೆ ಹೋಗಿ, ಶಾಲೆಯ ವೇಳೆಗೆ ಮರಳಿ ಬರುತ್ತಿದ್ದರು. ಒಂದು ಸಲದ ಹಾದಿಯೇ ನಲವತ್ತು ಮೈಲಿಗೆ ಸಮೀಪ. ಮೊದಲ ತಾಸಿನಲ್ಲಿ ತೂಕಡಿಸುವ ಹುಡುಗನನ್ನು ಬೆಂಚಿನ ಮೇಲೆ ನಿಲ್ಲಿಸುವ ಮಾಸ್ತರರು ಬಹಳ. ಎಲ್ಲಿಂದ ಬಂದೆಯಪ್ಪಾ ಎಂದು ಕೇಳುವವರು ಕಡಿಮೆ.

ಜೋಶಿಯವರು 1992-93ರಲ್ಲಿ ಕರ್ನಾಟಕದ ಪರವಾಗಿ ರಣಜಿ ಪಂದ್ಯಗಳಿಗೆ ಇಳಿದರು. 1996ರಲ್ಲಿ ಇಂಗ್ಲೆಂಡಿನಲ್ಲಿ ಮೊದಲ ಟೆಸ್ಟ್ ಆಡಿದರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ಎದುರು 10 ಓವರು ಎಸೆದು, ಕೇವಲ 6 ರನ್ನು ಕೊಟ್ಟು 5 ವಿಕೆಟ್ ಪಡೆದದ್ದು ಇಂದಿಗೂ ಜನರ ಬಾಯಲ್ಲಿದೆ. ಆದರೂ ಅವರು ಆಡಿದ ಟೆಸ್ಟುಗಳು 15 ಮಾತ್ರ. ಪ್ರಥಮ ದರ್ಜೆಯ ಪಂದ್ಯಗಳ 615 ವಿಕೆಟ್ಟುಗಳಲ್ಲಿ ಟೆಸ್ಟಿನವು 41. ಉಳಿದದ್ದರಲ್ಲಿ ಬಹುಪಾಲು ದೇಶದೊಳಗಿನ ಪಂದ್ಯಗಳ ದುಡಿಮೆ. ಈ ದುಡಿಮೆಯೇ ಮುಂದೆ ಅವರ ಪಾಠದ ಬಂಡವಾಳವಾಯಿತೆಂದು ನನ್ನ ಎಣಿಕೆ.

ಏಕೆಂದರೆ, ಆಡುವುದು ಬೇರೆ, ಆಡಿಸುವುದು ಬೇರೆ. ಎಡಗೈಯಿಂದ ನಿಧಾನವಾಗಿ ಎಸೆದ ಚೆಂಡು ನೆಲಕ್ಕೆ ಬಿದ್ದು, ಬಲಗೈ ದಾಂಡಿಗನಿಂದ ಹೊರಮುಖವಾಗಿ ತಿರುಗಬೇಕು. ಅದನ್ನು ತಿರುಗಿಸುವುದು ಮುಖ್ಯವಾಗಿ ತೋರುಬೆರಳು. ಆದರೆ ಬೆರಳೊಂದೇ ಸಾಲದು. ಮುಂಗಾಲನ್ನು ಊರಿ ಮೈಯೆಲ್ಲ ಹೊರಳಬೇಕು. ಆಟಗಾರನಿಗೆ ಇದು ಬೆರಳಿಗೆ ಗೊತ್ತಿದ್ದರೆ ಸಾಕು. ಗುರುವಾದವನು ಮಾತಿಗೆ ತರಬೇಕು; ಅದೂ ಒಬ್ಬೊಬ್ಬ ಹುಡುಗನಿಗೆ ಒಂದೊಂದು ರೀತಿಯಲ್ಲಿ. ಷಟ್ಪದಿಯನ್ನು ರಾಗವಾಗಿ ಓದುವವರೆಲ್ಲ ಅದರ ಪ್ರಸ್ತಾರ ಹಾಕಿ ತೋರಿಸಲಾರರಷ್ಟೆ!

2012ರಲ್ಲಿ ಆಟದಿಂದ ನಿವೃತ್ತರಾದ ಜೋಶಿಯವರು ತರಬೇತಿಯನ್ನೇ ವೃತ್ತಿಯಾಗಿ ಹಿಡಿದರು. 2014ರ ಡಿಸೆಂಬರಿನಲ್ಲಿ, ಆ ವೇಳೆಗೆ 40 ಬಾರಿ ರಣಜಿ ಗೆದ್ದಿದ್ದ ಮುಂಬಯಿ ತಂಡವನ್ನು ಅದರದೇ ವಾಂಖೆಡೆ ಮೈದಾನದಲ್ಲಿ ಜಮ್ಮು-ಕಾಶ್ಮೀರದ ತಂಡ ಸೋಲಿಸಿತು. ಆ ತಂಡದ ತರಬೇತುದಾರರು ಇವರೇ. ಚೆಂಡನ್ನು ಕೈಯಲ್ಲಿ ಹಿಡಿಯದೆ ಗೆದ್ದ ಪಂದ್ಯವದು. ಅನಂತರ ಒಮಾನಿನ ಹಾಗೂ ಬಾಂಗ್ಲಾದೇಶದ ತಂಡಗಳಿಗೂ ಸ್ಪಿನ್ ಕಲಿಸಿದರು. 2020ರಲ್ಲಿ ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷರಾದರು.

ಇನ್ನು ನಮ್ಮ ಮಕ್ಕಳ ಮಾತು. ಮುಂಡರಗಿಯ ಹುಡುಗನಿಗೆ ಗದುಗೇ ದೂರ, ಹುಬ್ಬಳ್ಳಿ ಅದರಾಚೆ. ಲಕ್ಷ್ಮೇಶ್ವರ, ಶಿರಹಟ್ಟಿಗಳವರಿಗೂ ಬಸ್ಸಿನ ದಾರಿ ತಪ್ಪಿದ್ದಲ್ಲ. ಇವರ ಮೊದಲ ಪಾಠಕ್ಕೆ ಟೆಸ್ಟ್ ಆಡಿದವರೇ ಬೇಕೆಂದಿಲ್ಲ. ಲೀಗ್ ಪಂದ್ಯಗಳಲ್ಲಿ ಹತ್ತು ವರ್ಷ ಬೆವರಿಳಿಸಿ, ಆಮೇಲೆ ಕಲಿಸುವ ವಿದ್ಯೆಯನ್ನೂ ಕಲಿತು ಬಂದವರಾದರೆ ಸಾಕು. ಆ ವಿದ್ಯೆಗೆ ಪಟಿಯಾಲದಲ್ಲಿ 1961ರಿಂದಲೇ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಿದೆ. ಹನ್ನೆರಡರ ಪ್ರಾಯದಲ್ಲಿ ತೋಳಿನ ದೋಷ ಕಂಡರೆ ತಿದ್ದಬಹುದು. ಇಪ್ಪತ್ತರಲ್ಲಿ ಅದು ಬಲು ಕಷ್ಟ.

ಅಂಥವರು ನಿಮ್ಮೂರಿನ ಬಯಲಿನಲ್ಲಿ ಕಲಿಸುತ್ತಿದ್ದರೆ, ಮಗನನ್ನೋ ಮಗಳನ್ನೋ ಸೇರಿಸುವ ಮುನ್ನ ಒಂದು ಸಂಜೆ ಹೋಗಿ ಬದಿಯಲ್ಲಿ ನಿಂತು ನೋಡಿರಿ. ಚೆನ್ನಾಗಿ ಎಸೆಯುವವನ ಬಳಿ ಅವರು ಎಷ್ಟು ಹೊತ್ತು ನಿಲ್ಲುತ್ತಾರೆ, ತಪ್ಪುವವನ ಬಳಿ ಎಷ್ಟು ಹೊತ್ತು ನಿಲ್ಲುತ್ತಾರೆ ಎಂಬುದನ್ನು ಗಮನಿಸಿರಿ.